ಮುಳ್ಳು ಸೊನ್ನೆಗೆ ಬಿತ್ತು, ಕಾರು ಘಾಟಿಯಲ್ಲಿ ನಿಂತಿತು

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪದ್ಮಿನಿ ಕಾರು ಕಳೆದ ಮಳೆಗಾಲದ ಒಂದು ಸಂಜೆ ಆಗುಂಬೆ ಘಾಟಿ ಇಳಿಯುವಾಗ ನಡುದಾರಿಯಲ್ಲಿ ಸತ್ತು ನಿಂತಿತು. ಒಳಗೆ ಮೇಷ್ಟ್ರು, ಪಕ್ಕದಲ್ಲಿ ಅವರ ಮನೆಯವರು, ಹಿಂದಿನ ಸೀಟಿನಲ್ಲಿ ಆಸ್ಪತ್ರೆಯ ಫೈಲು, ಒಂದು ಫ್ಲಾಸ್ಕು, ಎರಡು ಹೊದಿಕೆ. ಮಾರನೇ ದಿನ ಬೆಳಿಗ್ಗೆ ಮಣಿಪಾಲದಲ್ಲಿ ಅಮ್ಮನವರ ಕಣ್ಣಿನ ಆಪರೇಷನ್. ಹೊರಗೆ ಆಗುಂಬೆಯ ಮಳೆ. ಅದು ಹೇಗಿರುತ್ತದೆ ಅಂತ ಈ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ.

ಈ ಸುದ್ದಿ ಯಾವ ಪೇಪರಿನಲ್ಲೂ ಬರಲಿಲ್ಲ. ಬರುವಂಥದ್ದೂ ಅಲ್ಲ. ಯಾರೂ ಸಾಯಲಿಲ್ಲ, ಕಾರು ಕಣಿವೆಗೆ ಉರುಳಲಿಲ್ಲ. ಆದರೆ ಆ ಕಾರು ನಿಂತ ಕಾರಣ ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಯಾಕೆಂದರೆ ಅದೇ ಕಾರಣ ಈಗ ನಮ್ಮ ಜಿಲ್ಲೆಯ ಇನ್ನೂ ಹಲವು ಹಳೇ ಕಾರುಗಳ ಬಾನೆಟ್ಟಿನ ಅಡಿಯಲ್ಲಿ ಕೂತಿರಬಹುದು. ಕಾರಣ ಇಷ್ಟೇ: ಒಂದು ಹಸಿರು ವೈರು. ಹೊಸದಾಗಿ ಹಾಕಿಸಿದ ಆರ್‌ಪಿಎಂ ಮೀಟರಿನ ಹಸಿರು ವೈರು.

ಎಪ್ಪತ್ತು ದಾಟಿದ ಮೇಷ್ಟ್ರಿಗೆ ಆರ್‌ಪಿಎಂ ಮೀಟರ್ ಯಾಕೆ, ರೇಸಿಗೆ ಹೋಗ್ತಾರಾ ಅಂತ ನೀವು ನಗಬಹುದು. ನಾನೂ ನಕ್ಕಿದ್ದೆ. ನನ್ನ ಸ್ಕೂಟರಿನ ಹಾರ್ನು ಸರಿ ಮಾಡಿಸಲು ಶಿವಮೊಗ್ಗದ ಸಾಗರ ರಸ್ತೆ ಕಡೆಯ ಒಂದು ಶೆಡ್ಡಿಗೆ ಹೋಗಿದ್ದಾಗ ಮೇಷ್ಟ್ರು ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಾನೆಟ್ ಎತ್ತಿದ ಬಿಳಿ ಪದ್ಮಿನಿ. ನಾನು ನಕ್ಕಿದ್ದು ನೋಡಿ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಎಡಗಿವಿ ಮುಟ್ಟಿ ತೋರಿಸಿದರು.

"ಇದು ಹೋಗಿ ನಾಲ್ಕು ವರ್ಷ ಆಯ್ತು ಮಾರಾಯ. ಇನ್ನೊಂದೂ ಅರ್ಧ ಹೋಗಿದೆ. ಮೂವತ್ತೈದು ವರ್ಷ ಈ ಗಾಡಿ ಓಡಿಸಿದ್ದು ಕಿವಿಯಲ್ಲಿ. ಗೇರ್ ಯಾವಾಗ ಬದಲಾಯಿಸಬೇಕು ಅಂತ ಎಂಜಿನ್ನೇ ಹೇಳ್ತಿತ್ತು. ಈಗ ಅದು ಹೇಳೋದು ನಂಗೆ ಕೇಳೋದಿಲ್ಲ. ಒಂದು ಸಲ ಮೂರನೇ ಗೇರಿನಲ್ಲೇ ಘಾಟಿ ಇಳಿಸ್ತಾ ಇದ್ದೆ, ಅರ್ಧ ದಾರಿಯಲ್ಲಿ ಬ್ರೇಕು ಕಾದು ವಾಸನೆ ಬಂತು. ಇವಳು ಮೂಗು ಹಿಡ್ಕೊಂಡಾಗ ಗೊತ್ತಾಗಿದ್ದು."

ಅದಕ್ಕೇ ಬೆಂಗಳೂರಿನಲ್ಲಿರುವ ಅಕ್ಕನ ಮಗ ಈ ಮೀಟರ್ ತಂದುಕೊಟ್ಟದ್ದು. ಕಿವಿ ಮಾಡುತ್ತಿದ್ದ ಕೆಲಸವನ್ನು ಕಣ್ಣು ಮಾಡಲಿ ಅಂತ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ಮುಳ್ಳು ತೋರಿಸುತ್ತದೆ. ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ. ಮುಳ್ಳು ಹೆಚ್ಚು ಮೇಲೇರಿದರೆ ಬ್ರೇಕು ಸ್ವಲ್ಪ ಒತ್ತು, ಕೆಳಗಿಳಿದರೆ ಬಿಡು. ನನ್ನ ನಗು ಅಲ್ಲಿಗೇ ನಿಂತಿತು. ಇದು ಶೋಕಿಯ ಸಾಮಾನಲ್ಲ, ಶ್ರವಣಯಂತ್ರ.

ಪದ್ಮಿನಿಯ ವಿಚಾರ ಎರಡು ಮಾತು. ಇಟಲಿಯ ಫಿಯೆಟ್ 1100 ಕಾರೇ ನಮ್ಮಲ್ಲಿ ಪ್ರೀಮಿಯರ್ ಆಗಿ, 1974ರಿಂದ ಪದ್ಮಿನಿ ಎಂಬ ಹೆಸರು ಹೊತ್ತದ್ದು. 1089 ಸಿಸಿ, ನಾಲ್ಕು ಸಿಲಿಂಡರು, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ. ಮುಂಬೈ ಬೀದಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿಗೆ ಮುಗಿಯಿತು. ನಮ್ಮ ಮಲೆನಾಡಿನಲ್ಲಿ ಮಾತ್ರ ಅಡಿಕೆ ಚಪ್ಪರದ ಕೆಳಗೆ ಇನ್ನೂ ಒಂದೊಂದು ಉಸಿರಾಡುತ್ತಿದೆ. ಆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡೋಮೀಟರ್ ಇದೆ, ಪೆಟ್ರೋಲ್ ಮುಳ್ಳಿದೆ. ಆರ್‌ಪಿಎಂ ಮೀಟರ್ ಇಲ್ಲ. ಆ ಕಾಲದಲ್ಲಿ ಡ್ರೈವರಿಗೆ ಕಿವಿ ಇರುತ್ತದೆ ಅಂತ ಕಂಪೆನಿಯವರು ನಂಬಿದ್ದರು.

ಅಳಿಯ ಒಂದು ಭಾನುವಾರ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ತಾನೇ ವೈರಿಂಗ್ ಮಾಡಿದ. ಹುಡುಗ ಓದಿದವನು, ಕಂಪ್ಯೂಟರ್ ಕೆಲಸ, ಕೈ ಚುರುಕು. ಸಾಯಂಕಾಲಕ್ಕೆ ಮುಳ್ಳು ಆಡಿತು. ಮಾವನಿಗೆ ಖುಷಿ, ಅಳಿಯನಿಗೆ ಹೆಮ್ಮೆ, ಮನೆಯಲ್ಲಿ ಕೇಸರಿಬಾತು. ಎರಡು ತಿಂಗಳು ಮೀಟರ್ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಮಾತ್ರ ಬ್ಯಾಟರಿ ಸ್ವಲ್ಪ ಬಿಗುಮಾನ ಮಾಡುತ್ತಿತ್ತು. ಬ್ಯಾಟರಿಗೆ ವಯಸ್ಸಾಯಿತು ಅಂದುಕೊಂಡರು.

ಆಮೇಲೆ ಆ ಸಂಜೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಅರ್ಧದಷ್ಟು ಇಳಿದಿದ್ದರು. ಎರಡನೇ ಗೇರು, ಮುಳ್ಳು ಎರಡು ಸಾವಿರದ ಹತ್ತಿರ. ಇದ್ದಕ್ಕಿದ್ದಂತೆ ಮುಳ್ಳು ಸೊನ್ನೆಗೆ ಬಿತ್ತು. ಮರುಕ್ಷಣ ಮೇಲೆದ್ದಿತು, ಸೈಲೆನ್ಸರಿನಲ್ಲಿ ಕೋವಿ ಹೊಡೆದಂಗೆ ಢಬ್ ಅಂತ ಶಬ್ದ. ಆ ಶಬ್ದ ಮೇಷ್ಟ್ರಿಗೂ ಕೇಳಿಸಿತು. ಮತ್ತೆ ಸೊನ್ನೆ. ಆದರೆ ಗಾಡಿ ಇಳಿಯುತ್ತಲೇ ಇದೆ, ಗೇರು ಹಿಡಿದೇ ಇದೆ. ಮೀಟರ್ ಕೆಟ್ಟಿತು ಅಂತ ಮೇಷ್ಟ್ರು ತಿಳಿದರು. ಎಂಜಿನ್ ಸತ್ತಿದೆ ಅಂತ ಅವರಿಗೆ ಗೊತ್ತಾದದ್ದು ತಿರುವಿನ ಹತ್ತಿರ ಕ್ಲಚ್ ಒತ್ತಿದಾಗ. ಹಾಗೂ ಹೀಗೂ ಗಾಡಿಯನ್ನು ಬದಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದರು. ಆಮೇಲೆ ಸೆಲ್ಫ್ ಹೊಡೆದೇ ಹೊಡೆದರು. ಎಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ.

ಮುಕ್ಕಾಲು ಗಂಟೆ. ಕೆಳಗಿನಿಂದ ಮೇಲೆ ಬರುತ್ತಿದ್ದ ಮಲ್ಪೆ ಕಡೆಯ ಮೀನಿನ ಪಿಕಪ್ ಒಂದು ನಿಂತಿತು. ಡ್ರೈವರ್ ತಲೆ ಮೇಲೆ ಗೋಣಿ ಹಾಕಿಕೊಂಡು ಇಳಿದು ಬಂದ.

"ಎಂತ ಆಯ್ತು ಮಾರಾಯ್ರೆ?"

ಮೇಷ್ಟ್ರು ಹೇಳಿದರು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಈಗೀಗ ಹೊಸತು ಎಂತಾದ್ರೂ ಹಾಕ್ಸಿದ್ರಾ ಗಾಡಿಗೆ?"

ಮೀಟರ್ ಅಂದರು. ಅವನು ಬಾನೆಟ್ ಎತ್ತಿದ, ಮೊಬೈಲಿನ ಬೆಳಕು ಬಿಟ್ಟ, ಇಗ್ನಿಷನ್ ಕಾಯಿಲಿಗೆ ಅಂಟಿಕೊಂಡಿದ್ದ ತೆಳ್ಳಗಿನ ಹಸಿರು ವೈರನ್ನು ಹಿಡಿದು ಎಳೆದು ಹಾಕಿದ. "ಈಗ ಹೊಡೀರಿ" ಅಂದ. ಮೊದಲ ಸೆಲ್ಫಿಗೇ ಎಂಜಿನ್ ಹಿಡಿಯಿತು. ಅಮ್ಮನವರು ಅವನಿಗೆ ಫ್ಲಾಸ್ಕಿನ ಕಾಫಿ ಕೊಟ್ಟರಂತೆ. ದುಡ್ಡು ಬೇಡ ಅಂದನಂತೆ. ಅವನ ಹೆಸರು ಕೇಳಲು ಮರೆತೆವಲ್ಲ ಅಂತ ಮೇಷ್ಟ್ರಿಗೆ ಇವತ್ತಿಗೂ ಕೊರಗು. ಮಾರನೇ ದಿನ ಆಪರೇಷನ್ ಸರಿಯಾದ ಹೊತ್ತಿಗೇ ಆಯಿತು. ಆ ಕಥೆ ಅಲ್ಲಿಗೆ ಮುಗಿಯಿತು. ವೈರಿನ ಕಥೆ ಮುಗಿಯಲಿಲ್ಲ.

ಶೆಡ್ಡಿನ ವೈರಿಂಗ್ ಮೇಸ್ತ್ರಿಗೆ ಅರವತ್ತರ ಮೇಲೆ ವಯಸ್ಸು. ಅಂಗಡಿಗೆ ಬೋರ್ಡಿಲ್ಲ. ಬೋರ್ಡಿದ್ದರೆ ಗಿರಾಕಿ ಜಾಸ್ತಿ ಬರ್ತಾರೆ, ಬಂದರೆ ಕೆಲಸ ಕೆಡುತ್ತೆ ಅನ್ನುವ ಜಾತಿಯವರು. ಅವರು ಮೊದಲು ಮಾಡಿದ ಕೆಲಸ ಬ್ಯಾಟರಿಯ ಅರ್ತ್ ಕೇಬಲ್ ಕಳಚಿದ್ದು. ಎರಡನೆಯದು, ಎಂಜಿನ್ನಿಗೂ ಕಾರಿನ ಒಳಗಿಗೂ ನಡುವೆ ಇರುವ ತಗಡಿನ ಗೋಡೆಗೆ ಬೆರಳು ಹಾಕಿ ಸವರಿದ್ದು.

"ಇಲ್ಲಿ ನೋಡಿ ಪೇಪರ್ ಸಾರ್."

ಅಳಿಯ ಡ್ರಿಲ್ಲಿನಲ್ಲಿ ಅಲ್ಲೊಂದು ತೂತು ಕೊರೆದು, ಅದರಲ್ಲೇ ವೈರುಗಳನ್ನು ದಾಟಿಸಿದ್ದ. ತೂತಿನ ಅಂಚು ಬ್ಲೇಡಿನ ಹಾಗಿತ್ತು. ರಬ್ಬರ್ ಬುಷ್ ಹಾಕಿರಲಿಲ್ಲ. ಎಂಜಿನ್ ನಡುಗುತ್ತದೆ, ರಸ್ತೆ ಕುಲುಕುತ್ತದೆ, ವೈರು ಆ ಅಂಚಿಗೆ ಉಜ್ಜುತ್ತಲೇ ಇರುತ್ತದೆ. ಎರಡು ತಿಂಗಳಲ್ಲಿ ಹಸಿರು ವೈರಿನ ಮೈ ಸವೆದು ತಾಮ್ರ ಹೊರಗೆ ಬಂದಿತ್ತು. ತಾಮ್ರ ತಗಡಿಗೆ ತಾಗಿತು, ಎಂಜಿನ್ ಸತ್ತಿತು.

ಒಂದು ಮೀಟರಿನ ವೈರು ತಗಡಿಗೆ ತಾಗಿದರೆ ಮೀಟರ್ ತಾನೇ ಕೆಡಬೇಕು, ಎಂಜಿನ್ ಯಾಕೆ ಸಾಯಬೇಕು? ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಫಿಸಿಕ್ಸ್ ಅಂದರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಮೇಸ್ತ್ರಿ ಬೀಡಿಕಟ್ಟಿನ ಹಿಂಬದಿಯಲ್ಲಿ ಗೀಚಿ ತಿಳಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ.

ಹಳೇ ಪೆಟ್ರೋಲ್ ಕಾರಿನಲ್ಲಿ ಕಾಯಿಲ್ ಅಂತ ಒಂದು ಡಬ್ಬಿ. ಅದಕ್ಕೆ ಎರಡು ಸಣ್ಣ ಟರ್ಮಿನಲ್, ನಡುವೆ ಒಂದು ದಪ್ಪ ವೈರು. ಒಂದು ಟರ್ಮಿನಲ್ಲಿಗೆ ಕೀ ಹಾಕಿದಾಗ ಬ್ಯಾಟರಿಯ 12 ವೋಲ್ಟು ಬರುತ್ತದೆ. ಇನ್ನೊಂದು ಟರ್ಮಿನಲ್, ಅಂದರೆ ಮೈನಸ್ಸು, ಡಿಸ್ಟ್ರಿಬ್ಯೂಟರಿನ ಒಳಗಿರುವ ಪಾಯಿಂಟಿಗೆ ಹೋಗುತ್ತದೆ. ಪಾಯಿಂಟ್ ಅಂದರೆ ಬಾಗಿಲಿನ ಚಿಲಕದಂಥದ್ದು, ತೆಗೆದು ಹಾಕಿ, ತೆಗೆದು ಹಾಕಿ. ಹಾಕಿಕೊಂಡಾಗ ಕಾಯಿಲಿನಲ್ಲಿ ಕರೆಂಟು ತುಂಬುತ್ತದೆ. ತೆರೆದ ಕ್ಷಣ ಅದು ಒಮ್ಮೆಲೇ ಒದೆಯುತ್ತದೆ. ಆ ಒದೆತವೇ ದಪ್ಪ ವೈರಿನಲ್ಲಿ ಸಾವಿರಾರು ವೋಲ್ಟಾಗಿ ಪ್ಲಗ್ಗಿಗೆ ಹೋಗಿ ಕಿಡಿ ಹಾರುವುದು. ಮೈನಸ್ ಟರ್ಮಿನಲ್ಲಿನಲ್ಲೂ ಆ ಕ್ಷಣಕ್ಕೆ ನೂರಾರು ವೋಲ್ಟಿನ ಒದೆತ ಇರುತ್ತದೆ, 12 ಅಲ್ಲ. ಹುಷಾರಿಲ್ಲದೆ ಬೆರಳಿಟ್ಟವರಿಗೆ ಗೊತ್ತು.

ಆರ್‌ಪಿಎಂ ಮೀಟರ್ ಎಣಿಸುವುದು ಈ ಒದೆತವನ್ನೇ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಕಿಡಿ ಕೊಡುತ್ತದೆ. ನಿಮಿಷಕ್ಕೆ 3000 ಸುತ್ತಾದರೆ 6000 ಕಿಡಿ, ಸೆಕೆಂಡಿಗೆ 100. ಮೀಟರಿನ ಹಸಿರು ವೈರು ಮೈನಸ್ ಟರ್ಮಿನಲ್ಲಿಗೆ ಹೋಗುವುದು ಅದಕ್ಕೇ.

ಈಗ ಆ ಹಸಿರು ವೈರು ತಗಡಿಗೆ ತಾಗಿದರೆ? ಕಾರಿನ ತಗಡೆಲ್ಲ ಬ್ಯಾಟರಿಯ ಮೈನಸ್ಸಿಗೆ ಸೇರಿದ್ದು. ಅಂದರೆ ಚಿಲಕ ಸದಾ ಹಾಕಿಕೊಂಡಂಗೆ. ಪಾಯಿಂಟ್ ಎಷ್ಟು ಬಡಿದುಕೊಂಡರೂ ಕಾಯಿಲಿಗೆ ಒದೆತವಿಲ್ಲ, ಪ್ಲಗ್ಗಿಗೆ ಕಿಡಿಯಿಲ್ಲ, ಮೀಟರಿಗೆ ಎಣಿಸಲು ಏನೂ ಇಲ್ಲ. ಮುಳ್ಳು ಬೀಳುವುದೂ ಎಂಜಿನ್ ಸಾಯುವುದೂ ಒಂದೇ ಗಳಿಗೆ. ವೈರು ಕುಲುಕಾಟಕ್ಕೆ ಒಮ್ಮೆ ತಾಗಿ ಒಮ್ಮೆ ಬಿಟ್ಟರೆ, ಕಿಡಿಯಿಲ್ಲದಾಗ ಉರಿಯದೆ ಹೋದ ಪೆಟ್ರೋಲು ಬಿಸಿ ಸೈಲೆನ್ಸರಿನಲ್ಲಿ ತುಂಬಿಕೊಂಡು, ಕಿಡಿ ಮರಳಿದಾಗ ಢಬ್ ಅನ್ನುತ್ತದೆ. ಘಾಟಿಯಲ್ಲಿ ಆದದ್ದು ಅಕ್ಷರಶಃ ಅದೇ.

"ಇದು ಒಳ್ಳೇ ವೈರು ಸಾರ್, ಬರೀ ಗಾಡಿ ನಿಲ್ಲಿಸ್ತು" ಅಂದರು ಮೇಸ್ತ್ರಿ. "ಕೆಂಪು ವೈರು ನೋಡಿ."

ಕೆಂಪು ವೈರೂ ಅದೇ ತೂತಿನಲ್ಲಿ ಬಂದಿತ್ತು. ಅದನ್ನು ಅಳಿಯ ನೇರ ಬ್ಯಾಟರಿಯ ಪ್ಲಸ್ಸಿಗೆ ಸುತ್ತಿದ್ದ. ನಡುವೆ ಫ್ಯೂಸಿಲ್ಲ. ತೂತಿನ ಅಂಚಿನಲ್ಲಿ ಅದರ ಮೈಯೂ ಅರ್ಧ ಕೊಯ್ದಿತ್ತು, ತಾಮ್ರ ಕಾಣುವುದೊಂದು ಬಾಕಿ. ಹಸಿರು ವೈರು ತಾಗಿದರೆ ಕಾಯಿಲ್ ಅಡ್ಡ ಇರುವುದರಿಂದ ನಾಲ್ಕು ಆಂಪಿಯರಿನ ಆಸುಪಾಸಿನಲ್ಲಿ ಕರೆಂಟು ನಿಲ್ಲುತ್ತದೆ. ಕೆಂಪು ವೈರಿಗೆ ಅಡ್ಡ ಯಾರೂ ಇಲ್ಲ. ಸೆಲ್ಫ್ ತಿರುಗಿಸುವಷ್ಟು ಶಕ್ತಿಯ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಆ ಕೂದಲೆಳೆ ವೈರಿನಲ್ಲಿ ಸುರಿಯುತ್ತದೆ. ವೈರು ಕೆಂಡವಾಗುತ್ತದೆ, ಅಕ್ಕಪಕ್ಕದ ವೈರಿನ ಪ್ಲಾಸ್ಟಿಕ್ಕು ಹತ್ತಿಕೊಳ್ಳುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಯಾಕೆಂದರೆ ಅದು ಕೀ ದಾಟಿ ಬಂದ ವೈರೇ ಅಲ್ಲ. ರಾತ್ರಿ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿಗೂ ಬೆಂಕಿ ಬೀಳಬಹುದು. ಬೆಳಿಗ್ಗೆ ಬ್ಯಾಟರಿ ಸೊರಗುತ್ತಿದ್ದುದಕ್ಕೂ ಕಾರಣ ಇದೇ. ಕೀ ತೆಗೆದ ಮೇಲೂ ಮೀಟರ್ ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಹೀರುತ್ತಿತ್ತು.

ಮೇಷ್ಟ್ರು ಸ್ಟೂಲಿನಿಂದ ಎದ್ದು ಬಂದು ಆ ಕೆಂಪು ವೈರನ್ನು ಬಹಳ ಹೊತ್ತು ನೋಡಿದರು. ಕೊಟ್ಟಿಗೆಗೆ ತಾಗಿಕೊಂಡೇ ಅವರ ಕಾರು ನಿಲ್ಲಿಸುವ ಮಾಡು. ಕೊಟ್ಟಿಗೆಯಲ್ಲಿ ಹುಲ್ಲಿನ ಅಟ್ಟ.

"ತೆಗೆದುಬಿಡಿ ಮೇಸ್ತ್ರಿ, ಮೀಟರೇ ಬೇಡ" ಅಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಕೆಲಸ ಹತ್ತು ನಿಮಿಷದ್ದು. ಆದರೆ ಮೀಟರ್ ಹೋದರೆ ಕಾರೂ ಹೋಗುತ್ತಿತ್ತು. ಮಗ ಆಗಲೇ ಗಂಟುಬಿದ್ದಿದ್ದ, ಮಾರಿಬಿಡಪ್ಪ ಅಂತ. ಅವನ ಮಾತಿಗೂ ಲೆಕ್ಕವಿದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5000 ಆಯಿತು. 20 ವರ್ಷ ಮೀರಿದ್ದಕ್ಕೆ 2025ರಲ್ಲಿ 10,000 ಮಾಡಿದರು. ಅದರ ಮೇಲೆ ತೆರಿಗೆ, ಇನ್ಶೂರೆನ್ಸು. ಕಿವಿ ಕೇಳದ ಅಪ್ಪ ಘಾಟಿಯಲ್ಲಿ ಹಳೇ ಗಾಡಿ ಓಡಿಸುವುದು ಯಾವ ಮಗನಿಗೆ ಬೇಕು? ಆದರೆ ಆ ಊರಿಗೆ ಬಸ್ಸು ಎಷ್ಟು ಹೊತ್ತಿಗೆ, ಎಷ್ಟು ದೂರಕ್ಕೆ ಬಂದು ನಿಲ್ಲುತ್ತದೆ ಅಂತ ಮಗ ಮರೆತಿದ್ದಾನೆ. ಈ ಮಾತು ಮೇಷ್ಟ್ರದ್ದಲ್ಲ, ನನ್ನದು.

ಮೇಸ್ತ್ರಿ ಒಪ್ಪಲಿಲ್ಲ. "ಮೀಟರಿಂದೇನು ತಪ್ಪು ಸಾರ್? ಬನ್ನಿ, ಕೂತ್ಕಳಿ. ಚಾ ತರ್ಸ್ತೀನಿ."

ಅವರು ಮಾಡಿದ್ದನ್ನು ಕಂಡಂತೆ ಹೇಳುತ್ತೇನೆ. ಮನೆಯಲ್ಲಿ ಮಾಡಿಕೊಳ್ಳುವವರು ಅಡುಗೆಯ ಬಾಬತ್ತಿನಂತೆ ಓದಿಕೊಳ್ಳಬಹುದು, ಮೇಸ್ತ್ರಿಯ ಹತ್ತಿರ ಮಾಡಿಸುವವರು ಕಣ್ಣಿಟ್ಟು ನೋಡಬಹುದು.

ಹಳೇ ವೈರು ಪೂರ್ತಿ ಕಿತ್ತರು. ತೂತಿನ ಅಂಚನ್ನು ದುಂಡು ಅರದಲ್ಲಿ ಉಜ್ಜಿ, ಬಣ್ಣ ಹಚ್ಚಿ, ರಬ್ಬರ್ ಬುಷ್ ಕೂರಿಸಿದರು. ಆ ಬುಷ್ಷಿನ ಬೆಲೆ ಹತ್ತು ರೂಪಾಯಿ. ವೈರುಗಳಿಗೆ ಕಪ್ಪು ಸ್ಲೀವ್ ಏರಿಸಿ, ಬಿಸಿಯಾಗುವ ಸೈಲೆನ್ಸರ್ ಪೈಪಿನಿಂದಲೂ ಫ್ಯಾನಿನಿಂದಲೂ ದೂರ ಕಟ್ಟಿದರು. ಪ್ಲಗ್ ವೈರುಗಳ ಜೊತೆ ಒಟ್ಟಿಗೆ ಕಟ್ಟಲಿಲ್ಲ. ಕಟ್ಟಿದರೆ ಆ ಸಾವಿರಾರು ವೋಲ್ಟಿನ ಸದ್ದು ಹಸಿರು ವೈರಿಗೆ ಹಾಯ್ದು ಮುಳ್ಳು ಕುಣಿಯುತ್ತದಂತೆ.

ಕಪ್ಪು ವೈರು ಅರ್ತ್. ಅಳಿಯ ಅದನ್ನು ಡ್ಯಾಶ್‌ಬೋರ್ಡಿನ ಬಣ್ಣ ಬಳಿದ ಸ್ಕ್ರೂಗೆ ಸಿಕ್ಕಿಸಿದ್ದ. ಮೇಸ್ತ್ರಿ ಬಣ್ಣ ಕೆರೆದು, ತಗಡು ಬೆಳ್ಳಗಾದ ಮೇಲೆ ಲಗ್ ಹಾಕಿ ಬಿಗಿದರು. ಬಿಳಿ ವೈರು ಮೀಟರಿನ ಒಳಗಿನ ದೀಪಕ್ಕೆ, ಅದನ್ನು ಪಾರ್ಕಿಂಗ್ ಲೈಟಿನ ಸಾಲಿಗೆ ಕೊಟ್ಟರು. ಲೈಟ್ ಹಾಕಿದಾಗ ಮಾತ್ರ ಉರಿಯಬೇಕು.

ಕೆಂಪು ವೈರಿಗೇ ಹೆಚ್ಚು ಹೊತ್ತು ಹಿಡಿಯಿತು. ಕೀ ಹಾಕಿದಾಗ ಬರುವ, ತೆಗೆದಾಗ ಹೋಗುವ, ಫ್ಯೂಸ್ ದಾಟಿದ ವೈರು ಬೇಕು. ಬ್ಯಾಟರಿಯ ಕೇಬಲ್ ಮತ್ತೆ ಸಿಕ್ಕಿಸಿ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ನೋಡಿದರು. ಫ್ಯೂಸ್ ಬಾಕ್ಸಿನಲ್ಲಿ ಹಳೇ ಫಿಯೆಟ್ಟಿನ ಎರಡೂ ತುದಿ ಚೂಪಾದ ಫ್ಯೂಸುಗಳು. ಅದರಲ್ಲೊಂದಕ್ಕೆ ಯಾವ ಕಾಲದಲ್ಲೋ ಯಾರೋ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಸುತ್ತಿದ್ದರು! ಅದನ್ನು ಕಂಡು ಮೇಸ್ತ್ರಿ ಬೈದ ಬೈಗುಳ ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಸರಿಯಾದ ವೈರು ಸಿಕ್ಕ ಮೇಲೆ ಮತ್ತೆ ಬ್ಯಾಟರಿ ಕಳಚಿ, ಮೀಟರಿಗೇ ಬೇರೆಯಾಗಿ ಒಂದು ಸಣ್ಣ ಫ್ಯೂಸು ನಡುವೆ ಹಾಕಿ ಜೋಡಿಸಿದರು. ಬಣ್ಣದ ಮಾತನ್ನು ಮಾತ್ರ ಕುರುಡಾಗಿ ನಂಬಬೇಡಿ. ಮೀಟರ್ ಮಾಡುವ ಕಂಪೆನಿ ಬದಲಾದರೆ ವೈರಿನ ಬಣ್ಣವೂ ಬದಲಾಗಬಹುದು, ಡಬ್ಬಿಯೊಳಗಿನ ಚೀಟಿ ಓದಬೇಕು.

ಮೀಟರಿನ ಬೆನ್ನಿಗೆ ಒಂದು ಸಣ್ಣ ಸ್ವಿಚ್ಚು: 4, 6, 8. ಎಂಜಿನ್ನಿಗೆ ಎಷ್ಟು ಸಿಲಿಂಡರೋ ಅಲ್ಲಿಗೆ ಇಡಬೇಕು. ಅಳಿಯ ನಾಲ್ಕಕ್ಕೇ ಇಟ್ಟಿದ್ದ, ಅಷ್ಟು ಸರಿ. ಇದೇ ಸ್ವಿಚ್ಚಿನ ವಿಚಾರದಲ್ಲಿ ಮಾರುತಿ 800 ಇಟ್ಟುಕೊಂಡವರು ಮೋಸ ಹೋಗುತ್ತಾರೆ ಅಂದರು ಮೇಸ್ತ್ರಿ. ಮಾರುತಿ 800ಕ್ಕೆ ಇರುವುದು ಮೂರೇ ಸಿಲಿಂಡರು. ಸ್ವಿಚ್ಚಿನಲ್ಲಿ ಮೂರು ಇಲ್ಲ. ಹತ್ತಿರದ್ದು ಅಂತ ನಾಲ್ಕಕ್ಕೆ ಇಡುತ್ತಾರೆ. ಮೂರು ಸಿಲಿಂಡರಿನಲ್ಲಿ ಒಂದು ಸುತ್ತಿಗೆ ಒಂದೂವರೆ ಕಿಡಿ, ಆದ್ದರಿಂದ ಮೀಟರ್ ಮುಕ್ಕಾಲು ಪಾಲು ಮಾತ್ರ ತೋರಿಸುತ್ತದೆ. ಎಂಜಿನ್ 4000 ತಿರುಗುತ್ತಿದ್ದರೆ ಮುಳ್ಳು 3000ದಲ್ಲಿ ಕೂತು ನಗುತ್ತಿರುತ್ತದೆ. ಓಡಿಸುವವನು ಇನ್ನೂ ಜಾಗವಿದೆ ಅಂತ ಒತ್ತುತ್ತಾನೆ. ಅದಕ್ಕೆ ಮದ್ದು ಆರಕ್ಕೆ ಇಡುವುದು. ಆಗ ಸರಿಯಾಗಿ ಅರ್ಧ ತೋರಿಸುತ್ತದೆ, ಕಂಡದ್ದನ್ನು ಎರಡರಿಂದ ಗುಣಿಸಿಕೊಂಡರೆ ಮುಗಿಯಿತು.

ಡೀಸೆಲ್ ಅಂಬಾಸಡರ್ ಇಟ್ಟವರು ಈ ಮೀಟರ್ ಕೊಳ್ಳುವುದೇ ದಂಡ. ಡೀಸೆಲ್ಲಿಗೆ ಕಾಯಿಲೂ ಇಲ್ಲ, ಕಿಡಿಯೂ ಇಲ್ಲ, ಹಸಿರು ವೈರು ಹಿಡಿದುಕೊಂಡು ಎಲ್ಲಿಗೆ ಹೋಗುವುದು? ಅದಕ್ಕೆ ಆಲ್ಟರ್ನೇಟರಿನಿಂದ ಎಣಿಸುವ ಬೇರೆ ಜಾತಿಯ ಮೀಟರ್ ಬೇಕು. ಇನ್ನು ಮಾರಿಸ್ ಮೈನರಿನಂಥ ಇಂಗ್ಲಿಷ್ ಗಾಡಿಯನ್ನು ಯಾರಾದರೂ ಮುದ್ದಿನಿಂದ ಸಾಕಿದ್ದರೆ ಒಂದು ಎಚ್ಚರಿಕೆ. ಅದರ ತಗಡು ಸೇರುವುದು ಬ್ಯಾಟರಿಯ ಮೈನಸ್ಸಿಗಲ್ಲ, ಪ್ಲಸ್ಸಿಗೆ. ಈಗಿನ ಮೀಟರನ್ನು ಅದಕ್ಕೆ ಸುಮ್ಮನೆ ಜೋಡಿಸಿದರೆ ಮೀಟರ್ ಸುಟ್ಟುಹೋಗುತ್ತದೆ.

ವೈರಿಂಗ್ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಎಂಜಿನ್ ಹಿಡಿಯಿತು, ಮುಳ್ಳು ಎದ್ದಿತು, ನಾನು ಹೊರಡಲು ಎದ್ದೆ.

"ಇರಿ ಸಾರ್. ಮುಳ್ಳು ಸತ್ಯ ಹೇಳುತ್ತೋ ಸುಳ್ಳು ಹೇಳುತ್ತೋ ನೋಡ್ಬೇಡ್ವಾ?"

ಈಗ ನಾನು ಬರೆಯುವುದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನಂತೂ ಕಣ್ಣಾರೆ ಕಂಡೆ. ಮೇಸ್ತ್ರಿ ಎಂಜಿನ್ ಆಫ್ ಮಾಡಿ, ಕ್ರ್ಯಾಂಕಿನ ಪುಲ್ಲಿಯ ಮೇಲೆ ಸೀಮೆಸುಣ್ಣದಿಂದ ಒಂದೇ ಒಂದು ದಪ್ಪ ಗೆರೆ ಎಳೆದರು. ಶೆಡ್ಡಿನ ಬಲ್ಬುಗಳನ್ನೆಲ್ಲ ಆರಿಸಿದರು. ಒಂದು ಹಳೇ ಟ್ಯೂಬ್‌ಲೈಟ್ ಪಟ್ಟಿ ಮಾತ್ರ ಉದ್ದ ವೈರಿನಲ್ಲಿ ತಂದು ಬಾನೆಟ್ಟಿಗೆ ಒರಗಿಸಿದರು. ದಪ್ಪ ಚೋಕ್ ಇರುವ, ಗುಂಯ್ ಅನ್ನುವ ಟ್ಯೂಬ್‌ಲೈಟ್. ಎಂಜಿನ್ ಮತ್ತೆ ಶುರು. ಮೇಷ್ಟ್ರಿಗೆ ಆಕ್ಸಿಲರೇಟರ್ ನಿಧಾನ ಒತ್ತಲು ಹೇಳಿದರು. ಪುಲ್ಲಿಯ ಮೇಲೆ ಬಿಳಿ ಮಂಜು. ಮಂಜು ನಿಧಾನವಾಗಿ ಕಟ್ಟಿಕೊಳ್ಳುತ್ತಾ ಬಂತು. "ಹಿಡೀರಿ, ಅಲ್ಲೇ ಹಿಡೀರಿ!" ಅಂದರು. ಪುಲ್ಲಿಯ ಮೇಲೆ ನಾಲ್ಕು ಬಿಳಿ ಗೆರೆ, ದೇವರ ಮುಂದಿನ ರಂಗೋಲಿಯ ಹಾಗೆ, ಅಲುಗದೆ ನಿಂತಿವೆ. ಎಳೆದದ್ದು ಒಂದೇ ಗೆರೆ!

"ಈಗ ಮುಳ್ಳು ಎಷ್ಟಿದೆ ಮೇಷ್ಟ್ರೇ?"

"ಸಾವಿರದ ಐನೂರಕ್ಕಿಂತ ಒಂದು ಕೂದಲು ಮೇಲೆ."

"ಸತ್ಯ ಹೇಳ್ತಿದೆ."

ಲೆಕ್ಕ ಹೀಗೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ತಿರುಗುತ್ತದೆ. ಚೋಕಿನ ಟ್ಯೂಬ್‌ಲೈಟ್ ಅದರ ಎರಡರಷ್ಟು, ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ನಿಮಿಷಕ್ಕೆ 1500 ಸುತ್ತು ಅಂದರೆ ಸೆಕೆಂಡಿಗೆ 25. ಒಂದು ಸುತ್ತು ಮುಗಿಯುವುದರೊಳಗೆ ದೀಪ ನಾಲ್ಕು ಸಲ ಮಿನುಗುತ್ತದೆ, ಒಂದೇ ಗೆರೆ ನಾಲ್ಕು ಕಡೆ ಕಾಣುತ್ತದೆ. 1000 ಸುತ್ತಿಗೆ ಆರು ಗೆರೆ, 3000ಕ್ಕೆ ಎರಡು. 750ಕ್ಕೆ ಎಂಟು. ಎಂಟು ಗೆರೆ ನಿಲ್ಲುವವರೆಗೆ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಐಡ್ಲಿಂಗನ್ನೂ ಅಲ್ಲೇ ಕೂರಿಸಿದರು. ಮೀಟರೇ ಇಲ್ಲದ ಕಾಲದಲ್ಲಿ ತಮ್ಮ ಗುರುಗಳು ಟ್ಯೂನಿಂಗ್ ಮಾಡುತ್ತಿದ್ದುದು ಹೀಗೇ ಅಂದರು. ಯಾವ ಕಂಪೆನಿಯ ಯಂತ್ರ ಬೇಕು ಇದಕ್ಕೆ? ಒಂದು ಚೂರು ಸೀಮೆಸುಣ್ಣ, ಅದೂ ಮೇಷ್ಟ್ರ ಜೇಬಿನಲ್ಲೇ ಇತ್ತು. ನಿವೃತ್ತರಾದರೂ ಜೇಬಿನಲ್ಲಿ ಸೀಮೆಸುಣ್ಣ! ಒಂದೇ ಎಚ್ಚರಿಕೆ: ಈ ದೀಪದಲ್ಲಿ ತಿರುಗುವುದು ನಿಂತಂತೆ ಕಾಣುತ್ತದೆ. ಪುಲ್ಲಿಯೋ ಫ್ಯಾನೋ ನಿಂತಿದೆ ಅಂತ ಕೈ ಹಾಕಿದರೆ ಬೆರಳು ಉಳಿಯುವುದಿಲ್ಲ. ಮೇಸ್ತ್ರಿಯ ಎಡಗೈಯ ಕಿರುಬೆರಳು ಗಿಡ್ಡವಾಗಿದೆ. ಯಾಕೆ ಅಂತ ನಾನು ಕೇಳಲಿಲ್ಲ.

ಕೂಲಿ ಎಷ್ಟು ಅಂತ ಮೇಷ್ಟ್ರು ಕೇಳಿದರು. ವೈರು, ಸ್ಲೀವು, ಫ್ಯೂಸು, ಬುಷ್ಷು ಸೇರಿ ಇನ್ನೂರು, ಕೈಗೂಲಿ ಮುನ್ನೂರು ಅಂದರು. ಮೂರೂವರೆ ಗಂಟೆಯ ಕೆಲಸ. ಮೇಷ್ಟ್ರು ಏಳುನೂರು ಕೊಟ್ಟರು, ಇನ್ನೂರು ವಾಪಸು ಬಂತು, ಮತ್ತೆ ಕೊಟ್ಟರು, ಮತ್ತೆ ವಾಪಸು ಬಂತು. ಕೊನೆಗೆ ಮುಂದಿನ ಸಲ ಬರುವಾಗ ಒಂದು ಸೇರು ಜೇನುತುಪ್ಪ ಅಂತ ರಾಜಿಯಾಯಿತು.

ಶೆಡ್ಡಿನಲ್ಲಿ ಕೆಲಸ ಕಲಿಯುವ ಹುಡುಗ ಯಾರೂ ಕಾಣಲಿಲ್ಲವಲ್ಲ ಅಂದೆ. ಇಬ್ಬರಿದ್ದರಂತೆ. ಒಬ್ಬ ಶೋರೂಮಿಗೆ ಹೋದ, ಅಲ್ಲಿ ಕಾರಿಗೆ ವೈರು ಚುಚ್ಚಿದರೆ ಕಂಪ್ಯೂಟರೇ ತಪ್ಪು ಹೇಳುತ್ತದೆ. ಇನ್ನೊಬ್ಬ ಬೆಂಗಳೂರಿನಲ್ಲಿ ಊಟದ ಪಾರ್ಸೆಲ್ ಹಂಚುತ್ತಾನೆ, ದುಡ್ಡು ಇದಕ್ಕಿಂತ ಜಾಸ್ತಿ. ಅವರನ್ನು ತಪ್ಪು ಅನ್ನಲಾಗುವುದಿಲ್ಲ. ಹಳೇ ಗಾಡಿ ಇರುವಷ್ಟು ದಿನ ನಾನಿರ್ತೀನಿ, ನಾನಿರುವಷ್ಟು ದಿನ ಅವು ಇರ್ತವೆ ಅಂತ ಮೇಸ್ತ್ರಿ ನಕ್ಕರು.

ಅಳಿಯನಿಗೆ ಮೇಷ್ಟ್ರು ಏನೂ ಹೇಳಿರಲಿಲ್ಲ. ಹುಡುಗ ಪ್ರೀತಿಯಿಂದ ಮಾಡಿದ್ದು, ನೊಂದುಕೊಳ್ತಾನೆ ಅಂತ. ಆದರೆ ದಸರಾಕ್ಕೆ ಊರಿಗೆ ಬಂದವನು ತಾನೇ ಬಾನೆಟ್ ಎತ್ತಿ ನೋಡಿದ, ತನ್ನ ವೈರಿಂಗ್ ಒಂದೂ ಅಲ್ಲಿಲ್ಲ. ಮಾವನನ್ನು ಕೂರಿಸಿಕೊಂಡು ಸೀದಾ ಶಿವಮೊಗ್ಗಕ್ಕೆ ಬಂದ. ಆವತ್ತೂ ನಾನು ಅಲ್ಲಿದ್ದೆ, ಹಾರ್ನು ಮತ್ತೆ ಕೆಟ್ಟಿತ್ತು. ಮೇಸ್ತ್ರಿ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಡಬ್ಬಿಯೊಳಗೆ ಎತ್ತಿಟ್ಟಿದ್ದ ಆ ಸವೆದ ಹಸಿರು, ಕೆಂಪು ವೈರಿನ ತುಂಡುಗಳನ್ನು ತೆಗೆದು ಅವನ ಅಂಗೈಯಲ್ಲಿಟ್ಟರು. ಹುಡುಗ ಕೆಂಪು ವೈರಿನ ಗಾಯವನ್ನು ಉಗುರಿನಿಂದ ಮುಟ್ಟಿ ನೋಡಿದ. ಮುಖ ಸಪ್ಪಗಾಯಿತು.

"ಮಾವ, ಯಾಕೆ ಹೇಳ್ಲಿಲ್ಲ?"

ಮೇಷ್ಟ್ರಿಗೆ ಕೇಳಿಸಲಿಲ್ಲವೋ, ಕೇಳಿಸದವರ ಹಾಗೆ ಇದ್ದರೋ ಗೊತ್ತಿಲ್ಲ. ಮೇಸ್ತ್ರಿ ಶೆಡ್ಡಿನ ದೀಪ ಆರಿಸಲು ಎದ್ದರು. ಟ್ಯೂಬ್‌ಲೈಟ್ ಹಿಡಿದುಕೊಳ್ಳಲು ಹುಡುಗನನ್ನು ಕರೆದರು. ಚೋಕಿನ ಪಟ್ಟಿ ಈಗ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲವಂತೆ, ಹಳೇ ಸ್ಕೂಲೊಂದರ ಸಾಮಾನಿನಲ್ಲಿ ಎರಡು ಸಿಕ್ಕಿದ್ದನ್ನು ತಂದು ಅಟ್ಟದ ಮೇಲಿಟ್ಟಿದ್ದಾರೆ.